ಐದು ಟನ್ ಎಸಿ ಹೋಗಿ ನಾಲ್ಕು ಟನ್ ಬಂದ ಕಥೆ

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಕಡೆಯ ಕನ್ನಡದವರು ಬೇಸಿಗೆಯಲ್ಲಿ ನಾಲ್ಕು ಜನ ಸೇರಿದರೆ ಮಾತು ಎಸಿಗೆ ಬಂದೇ ಬರುತ್ತದೆ. ನಿಮ್ಮದು ಎಷ್ಟು ಟನ್, ಎಷ್ಟು ವರ್ಷದ್ದು, ಹೊಸದು ಹಾಕಿಸಿದಿರಾ, ಎಷ್ಟಾಯಿತು. ಎಲ್ಲರೂ ಕೇಳುವುದು ಹಿತ್ತಲಲ್ಲಿ ಕೂತಿರುವ ಆ ದೊಡ್ಡ ಡಬ್ಬದ ಬಗ್ಗೆ. ಕೋಣೆಗಳಿಗೆ ಗಾಳಿ ಒಯ್ಯಲು ಅಟ್ಟದಲ್ಲಿ ಹರಡಿಕೊಂಡಿರುವ ಕೊಳವೆಗಳ, ಅಂದರೆ ಡಕ್ಟಿನ ಬಗ್ಗೆ ಯಾರೂ ಕೇಳುವುದಿಲ್ಲ. 2025ರ ಬೇಸಿಗೆಯಲ್ಲಿ ಪ್ಲೇನೋದ ನಮ್ಮ ಮನೆಯ ಸೆಂಟ್ರಲ್ ಎಸಿಯನ್ನು ಪೂರ್ತಿ ಬದಲಿಸಬೇಕಾಯಿತು. ಆ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು: ಡಬ್ಬ ಅರ್ಧ ಎಸಿ, ಇನ್ನರ್ಧ ನಮ್ಮ ಮನೆಯೇ. ಹೊಸದು ಹಾಕಿಸುವ ಯೋಚನೆಯಲ್ಲಿ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು 2006ರಲ್ಲಿ ಕಟ್ಟಿದ ಮನೆ. ಒಂದೇ ಅಂತಸ್ತು, ಸುಮಾರು 2,200 ಚದರ ಅಡಿ. ಎಸಿ ಕೂಡ ಮನೆ ಕಟ್ಟಿದಾಗಿನದ್ದೇ, 5 ಟನ್. ಜುಲೈ ತಿಂಗಳಲ್ಲಿ ಒಂದು ಮಧ್ಯಾಹ್ನ ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು, ಅಂದರೆ ಸುಮಾರು 38 ಸೆಲ್ಸಿಯಸ್. ಥರ್ಮೋಸ್ಟಾಟ್ 76ಕ್ಕೆ ಇಟ್ಟಿದ್ದೆವು. ಒಳಗಿನ ಬಿಸಿ 80 ದಾಟಿ 84ಕ್ಕೆ ಹೋಯಿತು. ವೆಂಟಿನಿಂದ ಗಾಳಿ ಬರುತ್ತಿದೆ, ತಂಪಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಫ್ಯಾನ್ ತಿರುಗುತ್ತಿದೆ, ಆದರೆ ಕಂಪ್ರೆಸರ್ ಓಡುವಾಗ ಬರುವ ಆ ಗುಂಯ್ ಶಬ್ದ ಇಲ್ಲ.

ಈ ಲಕ್ಷಣ ಕಂಡರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ ಹೋಗಬೇಕು. ಕಂಪ್ರೆಸರ್ ಮತ್ತು ಫ್ಯಾನ್ ಎರಡಕ್ಕೂ ಸೇರಿ ಒಂದೇ ಕೆಪಾಸಿಟರ್ ಇರುತ್ತದೆ, ಬಿಸಿಲಿಗೆ ಅದರ ತಲೆ ಉಬ್ಬಿ ಹಾಳಾಗುತ್ತದೆ. ಸಣ್ಣ ಬೆಲೆಯ ವಸ್ತು. ಟೆಕ್ಸಾಸ್ ಬೇಸಿಗೆಯಲ್ಲಿ ಬರುವ ಎಸಿ ರಿಪೇರಿಗಳಲ್ಲಿ ಇದು ತುಂಬಾ ಸಾಮಾನ್ಯ. ಆದರೆ ಅದನ್ನು ನೀವೇ ಮುಟ್ಟಲು ಹೋಗಬೇಡಿ, ಮೇನ್ ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ, ಹೊಡೆದರೆ ಜೋರಾಗಿ ಹೊಡೆಯುತ್ತದೆ.

ಬಂದ ಟೆಕ್ನಿಷಿಯನ್ ಮೀಟರ್ ಇಟ್ಟು ನೋಡಿದರು. ಕೆಪಾಸಿಟರ್ ಸರಿ ಇತ್ತು. ಕಂಪ್ರೆಸರ್ ತುಂಬಾ ಕಾದರೆ ಅದರೊಳಗಿನ ಸ್ವಿಚ್ ತಾನಾಗಿಯೇ ಕಡಿದುಕೊಳ್ಳುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಅದೇನಾದರೂ ಇರಬಹುದಾ ಅಂತ ಪೈಪಿನಿಂದ ನೀರು ಬಿಟ್ಟು ಕಂಪ್ರೆಸರನ್ನು ತಣ್ಣಗೆ ಮಾಡಿ, ಸ್ವಲ್ಪ ಹೊತ್ತು ಕಾದು, ಮತ್ತೆ ಅಳತೆ ಮಾಡಿದರು. ಮೋಟಾರಿನ ವೈಂಡಿಂಗೇ ಕಡಿದುಹೋಗಿತ್ತು. ಅಷ್ಟು ತಾಳ್ಮೆಯಿಂದ ನೋಡಿದ್ದು ನನಗೆ ತುಂಬಾ ಹಿಡಿಸಿತು. ಕೂಲಿಂಗ್ ಇಲ್ಲ ಎಂದ ಕೂಡಲೇ "ಗ್ಯಾಸ್ ಹಾಕಬೇಕು" ಅನ್ನುವವರೇ ಜಾಸ್ತಿ ಅಲ್ವಾ.

ಕಂಪ್ರೆಸರ್ ಒಂದನ್ನೇ ಬದಲಿಸಬಹುದಿತ್ತು. ತೊಂದರೆ ಬಂದದ್ದು ಗ್ಯಾಸಿನಿಂದ. ನಮ್ಮ ಹಳೇ ಮೆಷಿನ್ನಿನಲ್ಲಿ ಇದ್ದದ್ದು ಆರ್-22. ಅದರಲ್ಲಿ ಕ್ಲೋರಿನ್ ಇದೆ, ಓಜೋನ್ ಪದರಕ್ಕೆ ಕೆಟ್ಟದ್ದು. ಅಮೆರಿಕದಲ್ಲಿ 2020ರ ಜನವರಿ 1ರಿಂದ ಅದನ್ನು ಹೊಸದಾಗಿ ತಯಾರಿಸುವುದೂ ಹೊರಗಿನಿಂದ ತರುವುದೂ ನಿಂತಿದೆ. ಈಗ ಸಿಗುವುದೆಲ್ಲ ಹಳೇ ದಾಸ್ತಾನು, ಇಲ್ಲವೇ ಹಳೇ ಮೆಷಿನ್ನುಗಳಿಂದ ತೆಗೆದು ಶುದ್ಧ ಮಾಡಿದ್ದು. ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದೆ. ಸುಮಾರು ಇಪ್ಪತ್ತು ವರ್ಷ ಓಡಿದ ಮೆಷಿನ್ನಿಗೆ ಅಷ್ಟು ಹಣ ಸುರಿಯುವುದರಲ್ಲಿ ಅರ್ಥವಿರಲಿಲ್ಲ. ಪೂರ್ತಿ ಹೊಸದು ಹಾಕಿಸುವುದು ಅಂತ ತೀರ್ಮಾನ ಮಾಡಿದೆವು.

ಆಗ ದಾವಣಗೆರೆಯಿಂದ ಅಮ್ಮ ಬಂದಿದ್ದರು. ಗೆಳೆಯರೊಬ್ಬರು ಕಿಟಕಿಗೆ ಕೂರಿಸುವ ಒಂದು ಎಸಿ ಕೊಟ್ಟರು, ಅದನ್ನು ಒಂದು ಬೆಡ್‌ರೂಮಿಗೆ ಹಾಕಿ ಎಲ್ಲರೂ ಅಲ್ಲೇ ಮಲಗಿದೆವು. ಅಮ್ಮ ಕೇಳಿದರು, "ಇಷ್ಟು ದೊಡ್ಡ ಮನೆಗೆ ಒಂದೇ ಮೆಷಿನ್ನೇನೋ? ನಮ್ಮ ಕಡೆ ಥರ ರೂಮಿಗೊಂದು ಹಾಕ್ಸಿದ್ರೆ ಒಂದು ಕೆಟ್ರೂ ಇನ್ನೊಂದು ಇರ್ತಿತ್ತಲ್ಲಪ್ಪ."

ನ್ಯಾಯವಾದ ಪ್ರಶ್ನೆ. ಇಲ್ಲಿ ಒಂದೇ ಇರುವುದಕ್ಕೆ ದೊಡ್ಡ ಕಾರಣ ಚಳಿ. ಇಲ್ಲಿನ ಮನೆಗಳಿಗೆ ಚಳಿಗಾಲದಲ್ಲಿ ಬಿಸಿ ಗಾಳಿ ಬೇಕು. ಅದಕ್ಕೆ ಫರ್ನೇಸ್ ಅನ್ನುವ ಗ್ಯಾಸಿನ ಒಲೆ, ಗಾಳಿ ನೂಕುವ ಬ್ಲೋವರ್, ಎಲ್ಲ ಕೋಣೆಗಳಿಗೂ ಹೋಗುವ ಡಕ್ಟ್ ಹೇಗೂ ಇರುತ್ತವೆ. ಅದೇ ಬ್ಲೋವರ್ ಮುಂದೆ ಒಂದು ತಂಪಿನ ಕಾಯಿಲ್, ಅಂದರೆ ಪೈಪಿನ ಸುರುಳಿ ಕೂರಿಸಿ, ಹೊರಗೆ ಕಂಪ್ರೆಸರ್ ಇಟ್ಟುಬಿಟ್ಟರೆ ಬೇಸಿಗೆಗೂ ಆಯಿತು. ಎರಡೂ ಕಾಲಕ್ಕೆ ಒಂದೇ ಗಾಳಿ ದಾರಿ. ಉತ್ತರದ ರಾಜ್ಯಗಳಲ್ಲಿ ಇದೆಲ್ಲ ನೆಲಮಾಳಿಗೆಯಲ್ಲಿ ಇರುತ್ತದೆ. ಟೆಕ್ಸಾಸಿನ ಮನೆಗಳಿಗೆ ಸಾಮಾನ್ಯವಾಗಿ ನೆಲಮಾಳಿಗೆ ಇರುವುದಿಲ್ಲ, ಹಾಗಾಗಿ ಅಟ್ಟದಲ್ಲಿ ಇಡುತ್ತಾರೆ. ಬೇಸಿಗೆಯ ಮಧ್ಯಾಹ್ನ ಈ ಅಟ್ಟ 120ರಿಂದ 140 ಡಿಗ್ರಿವರೆಗೂ ಕಾಯುತ್ತದೆ, ಸೆಲ್ಸಿಯಸ್ಸಿನಲ್ಲಿ 50ರಿಂದ 60. ಮನೆಯ ಅತಿ ತಂಪಾದ ಗಾಳಿ ಮನೆಯ ಅತಿ ಬಿಸಿ ಜಾಗದಲ್ಲೇ ಹಾದು ಬರಬೇಕು. ಈ ಒಂದು ಸಂಗತಿಯನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸರಿ, ಇದು ಕೆಲಸ ಮಾಡುವುದು ಹೇಗೆ? ಎಸಿ ತಂಪನ್ನು ತಯಾರಿಸಿ ಒಳಗೆ ಕಳಿಸುತ್ತದೆ ಅಂತ ನಮಗೆ ಅನ್ನಿಸುತ್ತದೆ. ನಿಜವಾಗಿ ಅದು ಮಾಡುವುದು ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುವ ಕೆಲಸ. ಅಮ್ಮನಿಗೆ ನಾನು ಹೇಳಿದ್ದು ಮಣ್ಣಿನ ಮಡಕೆಯ ಉದಾಹರಣೆ. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ, ಅದಕ್ಕೇ ಕುಡಿಯುವ ನೀರು ತಣ್ಣಗಿರುತ್ತದೆ. ಎಸಿ ಒಳಗೂ ದ್ರವ ಆವಿಯಾಗುವುದೇ ಕೆಲಸ. ಮಡಕೆಯ ಆವಿ ಗಾಳಿಗೆ ಹೋಗಿಬಿಡುತ್ತದೆ. ಎಸಿಯಲ್ಲಿ ಆ ಆವಿಯನ್ನು ಹೊರಗೆ ಬಿಡದೆ ಹಿಡಿದು, ಹಿತ್ತಲಿಗೆ ಒಯ್ದು, ಅಲ್ಲಿ ಅದರ ಶಾಖ ಕಳೆದು ಮತ್ತೆ ದ್ರವ ಮಾಡಿ ಒಳಗೆ ಕಳಿಸುತ್ತಾರೆ. ಅದೇ ಗ್ಯಾಸ್, ವರ್ಷಗಟ್ಟಲೆ, ಮುಚ್ಚಿದ ತಾಮ್ರದ ಪೈಪುಗಳಲ್ಲಿ ಸುತ್ತುತ್ತಲೇ ಇರುತ್ತದೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಥರ್ಮೋಸ್ಟಾಟ್ ಅನ್ನುವುದು ಗೋಡೆಯ ಮೇಲಿನ ಒಂದು ಸ್ವಿಚ್ ಅಷ್ಟೇ. ಅದರ ಹಿಂದೆ 24 ವೋಲ್ಟಿನ ಸಣ್ಣ ಬಣ್ಣದ ವೈರುಗಳು. ಬಿಸಿ ಜಾಸ್ತಿ ಆದಾಗ ಒಂದು ವೈರು ಅಟ್ಟದ ಬ್ಲೋವರ್‌ಗೆ ಹೇಳುತ್ತದೆ, ಇನ್ನೊಂದು ಹಿತ್ತಲಿನ ಡಬ್ಬದಲ್ಲಿರುವ ಕಾಂಟ್ಯಾಕ್ಟರ್ ಅನ್ನುವ ಸ್ವಿಚ್ಚಿಗೆ ಹೇಳುತ್ತದೆ. ಕಾಂಟ್ಯಾಕ್ಟರ್ ಟಕ್ ಅಂತ ಕೂತಾಗ 240 ವೋಲ್ಟ್ ಹರಿದು ಕಂಪ್ರೆಸರ್ ಮತ್ತು ಫ್ಯಾನ್ ಶುರುವಾಗುತ್ತವೆ. ಅಟ್ಟದ ಕಾಯಿಲಿನೊಳಗೆ ಗ್ಯಾಸಿನ ಒತ್ತಡ ಕಡಿಮೆ, ಅಲ್ಲಿ ಅದು ಸುಮಾರು 40–45 ಡಿಗ್ರಿ ಫ್ಯಾರನ್‌ಹೀಟಿನಲ್ಲೇ ಕುದಿಯುತ್ತದೆ. 4–7 ಸೆಲ್ಸಿಯಸ್ಸಿನಲ್ಲಿ ಕುದಿಯುವುದು ಅಂದರೆ ವಿಚಿತ್ರ ಅನ್ನಿಸಬಹುದು, ಆದರೆ ಈ ಗ್ಯಾಸುಗಳು ಬಯಲಲ್ಲಿ ಬಿಟ್ಟರೆ ಸೊನ್ನೆಗಿಂತ ಎಷ್ಟೋ ಕೆಳಗೇ ಕುದಿಯುವಂಥವು, ಆರ್-22 ಆದರೆ ಮೈನಸ್ 40 ಸೆಲ್ಸಿಯಸ್ಸಿನ ಹತ್ತಿರ. ಮನೆಯ 76 ಡಿಗ್ರಿ ಗಾಳಿ ಆ ತಣ್ಣನೆಯ ಕಾಯಿಲ್ ಮೇಲೆ ಹಾದಾಗ ಶಾಖ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಆ ಶಾಖದಿಂದ ಒಳಗಿನ ದ್ರವ ಆವಿಯಾಗುತ್ತದೆ.

ಆ ಆವಿ ದಪ್ಪ ಪೈಪಿನಲ್ಲಿ ಹಿತ್ತಲಿಗೆ ಬರುತ್ತದೆ. ಈಗ ಒಂದು ಕಷ್ಟ ಇದೆ. ಹೊರಗೆ 100 ಡಿಗ್ರಿ ಇದೆ, ಶಾಖ ಯಾವಾಗಲೂ ಬಿಸಿ ಕಡೆಯಿಂದ ತಂಪಿನ ಕಡೆಗೇ ಹರಿಯುವುದು, ತಣ್ಣಗಿರುವ ಆವಿ ತನ್ನ ಶಾಖವನ್ನು ಅಷ್ಟು ಬಿಸಿ ಗಾಳಿಗೆ ಕೊಡುವುದು ಹೇಗೆ? ಕಂಪ್ರೆಸರ್ ಇರುವುದೇ ಇದಕ್ಕೆ. ಆವಿಯನ್ನು ಒತ್ತಿ ಒತ್ತಿ ಅದನ್ನು ಹೊರಗಿನ ಗಾಳಿಗಿಂತ ಬಿಸಿ ಮಾಡುತ್ತದೆ. ಹೊರಗೆ 100 ಇದ್ದರೆ ಒಳಗಿನ ಗ್ಯಾಸ್ 120ರ ಹತ್ತಿರ ದ್ರವವಾಗುತ್ತದೆ. ಆಗ ಶಾಖ ಸಲೀಸಾಗಿ ಹೊರಗೆ ಹರಿಯುತ್ತದೆ. ಹಿತ್ತಲಿನ ಡಬ್ಬದ ಮೇಲೆ ಕೈ ಹಿಡಿದರೆ ಬಿಸಿ ಗಾಳಿ ಹೊಡೆಯುತ್ತದಲ್ಲ, ಅದು ನಿಮ್ಮ ಅಡುಗೆಮನೆಯ, ನಿಮ್ಮ ಮೈಯ, ಕಿಟಕಿಯ ಬಿಸಿಲಿನ ಶಾಖವೇ, ಜೊತೆಗೆ ಕಂಪ್ರೆಸರ್ ತಿಂದ ಕರೆಂಟಿನದ್ದೂ ಸೇರಿರುತ್ತದೆ. ದ್ರವ ಸಣ್ಣ ಪೈಪಿನಲ್ಲಿ ಮತ್ತೆ ಅಟ್ಟಕ್ಕೆ ಹೋಗುತ್ತದೆ, ಕಾಯಿಲಿನ ಬಾಯಲ್ಲಿ ಒಂದು ಕಿರಿದಾದ ವಾಲ್ವ್ ಅದರ ಒತ್ತಡ ಇಳಿಸುತ್ತದೆ, ಮತ್ತೆ ಕುದಿಯಲು ತಯಾರು.

ಎಸಿ ಓಡುವಾಗ ಹಿತ್ತಲಿನ ಆ ಎರಡು ಪೈಪುಗಳನ್ನು ಮುಟ್ಟಿ ನೋಡಿ. ಕಪ್ಪು ರಬ್ಬರ್ ಸುತ್ತಿದ ದಪ್ಪ ಪೈಪು ತಣ್ಣಗಿರಬೇಕು, ರಬ್ಬರ್ ಇಲ್ಲದ ಕಡೆ ನೀರಿನ ಹನಿ ಕಟ್ಟಿರಬೇಕು. ಸಣ್ಣದು ಬೆಚ್ಚಗಿರಬೇಕು. ಮನೆಯೊಳಗೆ ಗಾಳಿ ಎಳೆದುಕೊಳ್ಳುವ ದೊಡ್ಡ ಜಾಲರಿ ಇದೆಯಲ್ಲ, ರಿಟರ್ನ್, ಅಲ್ಲಿನ ಗಾಳಿಗೂ ವೆಂಟಿನಿಂದ ಬರುವ ಗಾಳಿಗೂ 15ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇದ್ದರೆ ಮೆಷಿನ್ ಹೆಚ್ಚುಕಡಿಮೆ ಚೆನ್ನಾಗಿದೆ ಎಂದು ಅರ್ಥ. ಅಡುಗೆಮನೆಯ ಥರ್ಮಾಮೀಟರಿನಲ್ಲೇ ಇದನ್ನು ನೋಡಬಹುದು.

ಇನ್ನು ಟನ್ ವಿಷಯ. ಇದು ಮೆಷಿನ್ನಿನ ತೂಕ ಅಲ್ಲ. ಐಸ್ ಗಡ್ಡೆ ಇಟ್ಟು ತಂಪು ಮಾಡುತ್ತಿದ್ದ ಕಾಲದ ಲೆಕ್ಕ ಅದು: 2,000 ಪೌಂಡ್ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖ ತೆಗೆಯುವ ಶಕ್ತಿ ಒಂದು ಟನ್. ಶಾಖ ಅಳೆಯುವ ಮಾನದಲ್ಲಿ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವಾಟ್. 4 ಟನ್ ಮೆಷಿನ್ ಗಂಟೆಗೆ 48,000 ಬಿಟಿಯು ಹೊರಗೆ ಹಾಕುತ್ತದೆ, ಅಂದರೆ 14 ಕಿಲೋವಾಟ್ ಶಾಖ. ಅದಕ್ಕೆ ತೆಗೆದುಕೊಳ್ಳುವ ಕರೆಂಟ್ ಸುಮಾರು 4 ಕಿಲೋವಾಟ್. ಶಾಖವನ್ನು ಹುಟ್ಟಿಸುವುದಕ್ಕಿಂತ ಸಾಗಿಸುವುದು ಎಷ್ಟೋ ಅಗ್ಗ, ಇದರಲ್ಲಿ ನನಗೆ ಈಗಲೂ ಬೆರಗಿದೆ.

ಕೊಟೇಶನ್ ಕೊಡಲು ಕೆಲವು ಕಂಪನಿಯವರನ್ನು ಕರೆದೆವು. ಹೆಚ್ಚಿನವರು ಮಾಡಿದ್ದು ಒಂದೇ: ಹಿತ್ತಲಿಗೆ ಹೋದರು, ಹಳೇ ಡಬ್ಬದ ಮೇಲಿನ ಲೇಬಲ್ ಓದಿದರು, 5 ಟನ್ ಅಂತ ಬರೆದುಕೊಂಡರು. ಒಬ್ಬರು "500 ಚದರ ಅಡಿಗೆ ಒಂದು ಟನ್, 2,200ಕ್ಕೆ 5 ಬೇಕೇ ಬೇಕು" ಎಂದು ಬಾಯಿಲೆಕ್ಕ ಮಾಡಿದರು. ನಮ್ಮ ಪಡುವಣ ದಿಕ್ಕಿನ ಮಕ್ಕಳ ಕೋಣೆ ಮೊದಲಿನಿಂದಲೂ ಕಾಯುತ್ತದೆ, ಎಸಿ ಚೆನ್ನಾಗಿದ್ದಾಗಲೂ ಅಲ್ಲಿ ಸಂಜೆ ಕೂರಲು ಆಗುತ್ತಿರಲಿಲ್ಲ, ಅಂತ ಹೇಳಿದೆ. "ಹಾಗಾದರೆ ಇನ್ನೂ ಹೆಚ್ಚು ಶಕ್ತಿಯ ಮೆಷಿನ್ ಹಾಕೋಣ" ಅಂದರು. ಯಾರೂ ಅಟ್ಟ ಹತ್ತಲಿಲ್ಲ. ಇದು ನನಗೆ ನಿಜವಾಗಿ ಬೇಸರ ತಂದಿತು. ಸಾವಿರಾರು ಡಾಲರ್ ಕೊಡುವ ಮನೆಯವರಿಗೆ ಅರ್ಧ ಗಂಟೆ ಅಟ್ಟದಲ್ಲಿ ಕಳೆಯುವಷ್ಟು ಮರ್ಯಾದೆಯನ್ನಾದರೂ ಕೊಡಬೇಕಲ್ಲವೇ.

ಕೊನೆಗೆ ಬಂದವರು ಬೇರೆ ಥರ ಇದ್ದರು. ವಯಸ್ಸಾದವರು, ಸಣ್ಣ ಕಂಪನಿ. ಟೇಪ್ ಹಿಡಿದು ಪ್ರತಿ ಕೋಣೆ ಅಳೆದರು. ಯಾವ ಕಿಟಕಿ ಯಾವ ದಿಕ್ಕಿಗೆ, ಗಾಜು ಒಂದು ಪದರವೋ ಎರಡೋ, ಅಟ್ಟದಲ್ಲಿ ಇನ್ಸುಲೇಷನ್ ಎಷ್ಟು ಇಂಚು, ಮನೆಯಲ್ಲಿ ಎಷ್ಟು ಜನ, ಎಲ್ಲ ಬರೆದುಕೊಂಡರು. ಇದಕ್ಕೆ ಇಲ್ಲಿ ಮ್ಯಾನ್ಯುವಲ್ ಜೆ ಅನ್ನುವ ಲೆಕ್ಕ ಇದೆ, ಎಸಿ ಗುತ್ತಿಗೆದಾರರ ಸಂಘದವರು ಮಾಡಿದ ಪದ್ಧತಿ. ಮನೆಗೆ ಗಂಟೆಗೆ ಎಷ್ಟು ಶಾಖ ಒಳಗೆ ಬರುತ್ತದೆ ಎಂದು ಕೋಣೆ ಕೋಣೆಗೆ ಲೆಕ್ಕ ಹಾಕುವುದು. ಹಳೇ ಬ್ಲೋವರ್ ಇನ್ನೂ ಓಡುತ್ತಿತ್ತಲ್ಲ, ಅದನ್ನು ಚಾಲೂ ಮಾಡಿ ಡಕ್ಟಿನಲ್ಲಿ ಸಣ್ಣ ತೂತು ಕೊರೆದು ಗಾಳಿಯ ಒತ್ತಡ ಅಳೆದರು. ಈ ಒತ್ತಡವನ್ನು ನೀರಿನ ಇಂಚುಗಳಲ್ಲಿ ಹೇಳುತ್ತಾರೆ. ನಮ್ಮ ಬ್ಲೋವರ್ ಅರ್ಧ ಇಂಚು ನೀರಿನ ಒತ್ತಡಕ್ಕೆ ಮಾಡಿದ್ದು. ಮೀಟರ್ ತೋರಿಸಿದ್ದು 0.9. ಅಂದರೆ ಬ್ಲೋವರ್ ಏದುಸಿರು ಬಿಡುತ್ತಿದೆ, ಗಾಳಿ ಎಳೆದುಕೊಳ್ಳುವ ದಾರಿಯೇ ಸಾಲದು. ಒಂದು ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಹರಿಯಬೇಕು, 5 ಟನ್ನಿಗೆ 2,000. ನಮ್ಮ ಮನೆಗೆ ಇದ್ದದ್ದು ಒಂದೇ ಒಂದು ರಿಟರ್ನ್, ಹಜಾರದಲ್ಲಿ. ಅದರಲ್ಲಿ ಅಷ್ಟು ಗಾಳಿ ಎಂದೂ ಬರಲು ಸಾಧ್ಯವಿರಲಿಲ್ಲ. ಹೆಸರಿಗೆ ಮಾತ್ರ 5 ಟನ್.

ಆಮೇಲೆ ಅವರು ನನ್ನನ್ನೂ ಅಟ್ಟಕ್ಕೆ ಕರೆದರು. ಬೆಳಗ್ಗೆ ಬೇಗ, ಬಿಸಿ ಏರುವ ಮೊದಲು. ಬೆಳ್ಳಿ ಬಣ್ಣದ ಹೊದಿಕೆಯ ಮೆತ್ತನೆಯ ಡಕ್ಟುಗಳು ಎಲ್ಲ ಕಡೆ ಹರಡಿದ್ದವು. ಮಕ್ಕಳ ಕೋಣೆಗೆ ಹೋಗುವುದನ್ನು ಹುಡುಕಿದರೆ, ಅದು ಮುಖ್ಯ ಪೆಟ್ಟಿಗೆಯಿಂದ ಹೊರಡುವ ಕಡೆಯೇ ಪಟ್ಟಿ ಸಡಿಲವಾಗಿ ಅರ್ಧ ಕಳಚಿಕೊಂಡಿತ್ತು. ಮುಂದೆ ಒಂದು ತೊಲೆಯ ಮೇಲೆ ಹಾದುಹೋಗುವಾಗ ಮಡಚಿ ಬಿದ್ದಿತ್ತು. ಕೈ ಹಿಡಿದು ನೋಡಿದೆ, ಗಾಳಿ ಅಟ್ಟಕ್ಕೆ ಸುರಿಯುತ್ತಿತ್ತು. ಮಕ್ಕಳಿಗೆ ಸೇರಬೇಕಾದ ತಂಪು ಎಷ್ಟು ವರ್ಷದಿಂದ ಹೀಗೆ ಹೋಗುತ್ತಿತ್ತೋ. ಇನ್ನೊಂದು ವಿಷಯ ಅವರು ಹೇಳಿದಾಗ ನಾನು ದಂಗಾದೆ: ಅಟ್ಟಕ್ಕೆ ಸೋರಿದಷ್ಟು ಗಾಳಿಯನ್ನು ತುಂಬಿಕೊಳ್ಳಲು ಮನೆ ಹೊರಗಿನ ಬಿಸಿ, ತೇವದ ಗಾಳಿಯನ್ನು ಬಾಗಿಲು ಕಿಟಕಿಗಳ ಸಂದಿಯಿಂದ, ದೀಪದ ತೂತುಗಳಿಂದ ಎಳೆದುಕೊಳ್ಳುತ್ತದೆ. ತಂಪು ಹೋದದ್ದು ಒಂದು ನಷ್ಟ, ಬಿಸಿ ಒಳಗೆ ಬಂದದ್ದು ಎರಡನೇ ನಷ್ಟ. ಅಮೆರಿಕದ ಸಾಮಾನ್ಯ ಮನೆಯಲ್ಲಿ ಡಕ್ಟಿನ ಗಾಳಿಯ ಶೇ. 20ರಿಂದ 30ರಷ್ಟು ಹೀಗೆ ಸೋರಿಹೋಗುತ್ತದೆ ಎಂದು ಇಲ್ಲಿನ ಸರ್ಕಾರದ ಇಂಧನ ಉಳಿತಾಯ ಯೋಜನೆಯಾದ ಎನರ್ಜಿ ಸ್ಟಾರ್‌ನವರೇ ಹೇಳುತ್ತಾರೆ.

ಅವರ ಲೆಕ್ಕದಲ್ಲಿ ಬಂದ ಉತ್ತರ: 4 ಟನ್ ಸಾಕು. ಜೊತೆಗೆ ಡಕ್ಟುಗಳ ಸಂದುಗಳನ್ನೆಲ್ಲ ಮ್ಯಾಸ್ಟಿಕ್ ಅನ್ನುವ ಅಂಟು ಹಚ್ಚಿ ಮುಚ್ಚುವುದು, ಮಕ್ಕಳ ಕೋಣೆಯ ಡಕ್ಟ್ ಹೊಸದಾಗಿ ಎಳೆಯುವುದು, ದೊಡ್ಡ ಬೆಡ್‌ರೂಮಿಗೆ ಎರಡನೇ ರಿಟರ್ನ್ ಕೊಡುವುದು. ಮನೆಯಲ್ಲಿ ಇದಕ್ಕೆ ವಿರೋಧ ಬಂತು. ಹೆಂಡತಿ ಕೇಳಿದಳು, "ಇದ್ದ ಐದೇ ಸಾಲ್ತಿರಲಿಲ್ಲ, ನಾಲ್ಕು ಹೆಂಗೆ ಸಾಲುತ್ತೆ?" ಅವಳಿಗೆ ಅವರ ಲೆಕ್ಕದ ಹಾಳೆಯನ್ನೇ ತೋರಿಸಿದೆ. ಕೋಣೆ ಕೋಣೆಗೆ ಎಷ್ಟು ಶಾಖ, ಎಷ್ಟು ಗಾಳಿ ಎಂದು ಅದರಲ್ಲಿ ಇತ್ತು. ಉಳಿದವರ ಕೊಟೇಶನ್‌ಗಳಲ್ಲಿ ಇದ್ದದ್ದು ಬ್ರಾಂಡು, ಬೆಲೆ, ಕಂತು ಇಷ್ಟೇ. ಅವಳೇ ಒಪ್ಪಿದಳು.

ದೊಡ್ಡದು ಹಾಕಿದರೆ ಏನು ತಪ್ಪು ಎಂದು ಹಲವರು ಕೇಳುತ್ತಾರೆ. ತಪ್ಪು ತೇವದಲ್ಲಿದೆ. ಎಸಿ ಎರಡು ಕೆಲಸ ಮಾಡುತ್ತದೆ, ಗಾಳಿಯ ಬಿಸಿ ಇಳಿಸುವುದು ಮತ್ತು ಗಾಳಿಯ ತೇವ ತೆಗೆಯುವುದು. ತಣ್ಣನೆಯ ಕಾಯಿಲ್ ಮೇಲೆ ನೀರು ಕಟ್ಟಿ, ಇಳಿದು, ತಟ್ಟೆಗೆ ಬಿದ್ದು, ಪೈಪಿನಲ್ಲಿ ಹೊರಗೆ ಹೋಗುತ್ತದೆ. ಮೆಷಿನ್ನಿನ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಈ ನೀರಿಗೇ ಹೋಗುತ್ತದೆ. ಆದರೆ ಶುರುವಾದ ಕೂಡಲೇ ನೀರು ಇಳಿಯುವುದಿಲ್ಲ. ಕಾಯಿಲ್ ಪೂರ್ತಿ ತಣ್ಣಗಾಗಿ, ಪೂರ್ತಿ ಒದ್ದೆಯಾಗಿ, ಆಮೇಲೆ ಇಳಿಯಬೇಕು. ತೀರಾ ದೊಡ್ಡ ಮೆಷಿನ್ ಐದಾರು ನಿಮಿಷದಲ್ಲಿ ಗಾಳಿಯನ್ನು ತಣ್ಣಗೆ ಮಾಡಿ ನಿಂತುಬಿಡುತ್ತದೆ. ಬಿಸಿ ಇಳಿದಿರುತ್ತದೆ, ತೇವ ಹಾಗೇ ಇರುತ್ತದೆ. ತಣ್ಣಗೆ ಇದ್ದರೂ ಮೈ ಅಂಟಂಟು. ಆಗ ಜನ ಥರ್ಮೋಸ್ಟಾಟ್ ಇನ್ನೂ ಕೆಳಗೆ ಇಳಿಸುತ್ತಾರೆ, ಬಿಲ್ಲು ಏರುತ್ತದೆ. ಅಂದಹಾಗೆ, 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಮೊದಲ ಆಧುನಿಕ ಎಸಿ ವಿನ್ಯಾಸ ಮಾಡಿದ್ದು ಜನರಿಗೆ ತಂಪಾಗಲಿ ಅಂತಲ್ಲ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕೆ. ಮಂಗಳೂರು, ಕಾರವಾರದ ಕಡೆಯವರಿಗೆ ಈ ತೇವದ ಮಾತು ಬೇಗ ಅರ್ಥವಾಗುತ್ತದೆ.

ಕೂರಿಸುವ ಕೆಲಸವನ್ನು ನಾನು ಪೂರ್ತಿ ಪಕ್ಕದಲ್ಲೇ ನಿಂತು ನೋಡಿದೆ. ಇಲ್ಲಿ ಗ್ಯಾಸ್ ಮುಟ್ಟುವವರಿಗೆ ಪರಿಸರ ಇಲಾಖೆಯ ನಿಯಮದ ಇಪಿಎ 608 ಎಂಬ ಸರ್ಟಿಫಿಕೇಟ್ ಇರಬೇಕು, ಹಳೇ ಗ್ಯಾಸನ್ನು ಗಾಳಿಗೆ ಬಿಡುವುದು ಕಾನೂನಿಗೆ ವಿರುದ್ಧ. ಅವರು ಮೊದಲು ಒಂದು ಮೆಷಿನ್ ಹಚ್ಚಿ ಆರ್-22 ಅನ್ನು ಸಿಲಿಂಡರಿಗೆ ಎಳೆದುಕೊಂಡರು. ಹಳೇ ತಾಮ್ರದ ಪೈಪನ್ನೂ ಬದಲಿಸಿದರು. ಆರ್-22 ಜೊತೆ ಓಡುತ್ತಿದ್ದದ್ದು ಮಿನರಲ್ ಆಯಿಲ್, ಹೊಸ ಗ್ಯಾಸಿಗೆ ಬೇಕಾದದ್ದು ಬೇರೆ ಆಯಿಲ್, ಹಳೆಯದರ ಜಿಡ್ಡು ಪೈಪಿನಲ್ಲಿ ಉಳಿಯಬಾರದು. ನಮಗೆ ಬಂದದ್ದು ಆರ್-454ಬಿ. ನಡುವೆ ವರ್ಷಗಟ್ಟಲೆ ಎಲ್ಲ ಕಡೆ ಇದ್ದದ್ದು ಆರ್-410ಎ. ಅದು ಓಜೋನಿಗೆ ತೊಂದರೆ ಮಾಡುವುದಿಲ್ಲ, ಆದರೆ ಭೂಮಿಯ ಬಿಸಿ ಏರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 2,088 ಪಟ್ಟು. ಆರ್-454ಬಿ 466 ಪಟ್ಟು. 700 ಪಟ್ಟಿಗಿಂತ ಮೇಲಿನ ಗ್ಯಾಸಿನ ಹೊಸ ಮನೆ ಎಸಿಗಳನ್ನು 2025ರಿಂದ ಇಲ್ಲಿ ತಯಾರಿಸುವಂತಿಲ್ಲ. ಹೊಸ ಗ್ಯಾಸಿಗೆ ಸ್ವಲ್ಪ ಬೆಂಕಿ ಹತ್ತುವ ಗುಣ ಇದೆ. ಅದಕ್ಕೇ ಅಟ್ಟದ ಕಾಯಿಲ್ ಪೆಟ್ಟಿಗೆಯಲ್ಲಿ ಒಂದು ಸೆನ್ಸರ್ ಇಟ್ಟಿದ್ದಾರೆ, ಸೋರಿಕೆ ಕಂಡರೆ ಕಂಪ್ರೆಸರ್ ನಿಲ್ಲಿಸಿ ಬ್ಲೋವರ್ ಓಡಿಸಿ ಗ್ಯಾಸನ್ನು ಚದುರಿಸುತ್ತದೆ.

ಪೈಪು ಬೆಸೆಯುವಾಗ ಒಳಗೆ ಸಣ್ಣಗೆ ನೈಟ್ರೋಜನ್ ಹರಿಯಬಿಟ್ಟಿದ್ದರು. ಇಲ್ಲದಿದ್ದರೆ ಬೆಂಕಿಯ ಬಿಸಿಗೆ ತಾಮ್ರದ ಒಳಮೈ ಕರಿ ಹಿಡಿದು, ಆ ಕರಿ ಉದುರಿ, ಸಣ್ಣ ವಾಲ್ವಿನ ಬಾಯಿ ಕಟ್ಟುತ್ತದೆ. ಆಮೇಲೆ ನೈಟ್ರೋಜನ್ ಒತ್ತಡ ಹಾಕಿ ಸೋರಿಕೆ ನೋಡಿದರು. ಅದಾದ ಮೇಲೆ ವ್ಯಾಕ್ಯೂಮ್ ಪಂಪ್. ಈ ಹಂತದಲ್ಲಿ ಅವಸರ ಮಾಡುವವರೇ ಜಾಸ್ತಿ ಎಂದು ಅವರೇ ಹೇಳಿದರು. ಪೈಪಿನೊಳಗೆ ಗಾಳಿ ಉಳಿದರೆ ಅದು ದ್ರವವಾಗುವುದಿಲ್ಲ, ಸುಮ್ನೆ ಒತ್ತಡ ಏರಿಸಿ ಕಂಪ್ರೆಸರಿಗೆ ಭಾರ. ನೀರಿನ ಪಸೆ ಉಳಿದರೆ ಆಯಿಲ್ ಜೊತೆ ಸೇರಿ ಆಮ್ಲವಾಗುತ್ತದೆ, ಅದು ಮೋಟಾರಿನ ವೈಂಡಿಂಗನ್ನೇ ತಿನ್ನುತ್ತದೆ. ಅದಕ್ಕೇ ಒಳಗಿನ ಒತ್ತಡ ತೋರಿಸುವ ಗೇಜ್ 500 ಮೈಕ್ರಾನ್ (ತೀರಾ ಕಡಿಮೆ ಒತ್ತಡದ ಅಳತೆ) ಕೆಳಗೆ ಬರುವವರೆಗೆ ಎಳೆಯಬೇಕು. ಬಂದ ಮೇಲೆ ಪಂಪ್ ನಿಲ್ಲಿಸಿ, ಅಂಕಿ ಅಲ್ಲೇ ನಿಲ್ಲುತ್ತದಾ ಎಂದು ಕಾಯಬೇಕು. ಅವರು ಕಾದರು. ನಾನೂ ಕಾದೆ. ಅಂಕಿ ಸ್ವಲ್ಪ ಏರಿ ನಿಂತಿತು. ಆಗ ಗ್ಯಾಸ್ ಬಿಟ್ಟರು, ಪೈಪಿನ ಉದ್ದಕ್ಕೆ ತಕ್ಕಂತೆ ಇನ್ನಷ್ಟನ್ನು ತೂಕ ಮಾಡಿ ಸೇರಿಸಿದರು, ಒತ್ತಡ ಮತ್ತು ಪೈಪಿನ ಬಿಸಿ ಎರಡನ್ನೂ ಅಳೆದು ತಾಳೆ ನೋಡಿದರು. ಬೆಂಗಳೂರಿನಲ್ಲಿ ಸ್ಪ್ಲಿಟ್ ಎಸಿ ಹಾಕಿಸುವವರಿಗೂ ಇದು ಅನ್ವಯಿಸುತ್ತದೆ: ಕೂರಿಸಲು ಬಂದವರ ಹತ್ತಿರ ವ್ಯಾಕ್ಯೂಮ್ ಪಂಪ್ ಇದೆಯಾ ಎಂದು ಮೊದಲೇ ಕೇಳಿ. ಗ್ಯಾಸ್ ಬಿಟ್ಟು ಗಾಳಿಯನ್ನು ಹೊರದಬ್ಬುವ ಅಡ್ಡದಾರಿಗೆ ಒಪ್ಪಬೇಡಿ. ಪ್ರತಿ ವರ್ಷ "ಗ್ಯಾಸ್ ಖಾಲಿ ಆಗಿದೆ" ಎಂದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಮುಚ್ಚಿದ ಪೈಪಿನಲ್ಲಿ ಸುತ್ತುವ ಗ್ಯಾಸ್ ಬಳಸಿದಷ್ಟೂ ಕಡಿಮೆ ಆಗುವಂಥದ್ದಲ್ಲ.

ನೀರಿನ ಪೈಪಿನ ಬಗ್ಗೆಯೂ ಹೇಳಲೇಬೇಕು, ಅಟ್ಟದಲ್ಲಿ ಎಸಿ ಇರುವವರಿಗೆ ದೊಡ್ಡ ನಷ್ಟ ಬರುವುದು ಇಲ್ಲೇ. ಸೆಕೆಯ ದಿನಗಳಲ್ಲಿ ಬಕೆಟ್‌ಗಟ್ಟಲೆ ನೀರು ಇಳಿಯುತ್ತದೆ. ಪೈಪಿನಲ್ಲಿ ಪಾಚಿ ಕಟ್ಟಿದರೆ ಅಷ್ಟೂ ನೀರು ಸೀಲಿಂಗಿನ ಮೇಲೆ. ಅದಕ್ಕೆ ಕೆಳಗೆ ಇನ್ನೊಂದು ದೊಡ್ಡ ತಟ್ಟೆ, ಅದರಲ್ಲಿ ನೀರು ಏರಿದರೆ ಎಸಿ ನಿಲ್ಲಿಸುವ ತೇಲು ಸ್ವಿಚ್. ಹಲವು ಮನೆಗಳಲ್ಲಿ ಎರಡನೇ ಪೈಪಿನ ಬಾಯಿ ಬೇಕೆಂದೇ ಒಂದು ಕಿಟಕಿಯ ಮೇಲೆ ಬಂದಿರುತ್ತದೆ. ಅಲ್ಲಿಂದ ನೀರು ತೊಟ್ಟಿಕ್ಕುವುದು ಕಂಡರೆ ಮೊದಲನೇ ಪೈಪು ಕಟ್ಟಿದೆ, ಬೇಗ ಯಾರನ್ನಾದರೂ ಕರೆಸಿ. ಸಿಟಿಯಿಂದ ಬಂದ ಇನ್‌ಸ್ಪೆಕ್ಟರ್ ಕೂಡ ಆ ತೇಲು ಸ್ವಿಚ್ಚನ್ನು ಕೈಯಲ್ಲಿ ಎತ್ತಿ ಎಸಿ ನಿಲ್ಲುತ್ತದಾ ಎಂದು ನೋಡಿದರು. ಸಿಟಿಯ ಪರ್ಮಿಟ್ ಬೇಡ, ದುಡ್ಡು ಉಳಿಯುತ್ತದೆ ಅನ್ನುವ ಕಂಪನಿಯನ್ನು ನಾನಂತೂ ಹತ್ತಿರ ಸೇರಿಸುವುದಿಲ್ಲ.

ಹೊಸದು ಶುರುವಾದ ಮೇಲೆ ಮೊದಲು ಗೊತ್ತಾದದ್ದು ಸದ್ದು ಕಡಿಮೆ ಆದದ್ದು. ರಿಟರ್ನ್ ಎರಡಾದ ಮೇಲೆ ಗಾಳಿಯ ಆ ಸುಯ್ಯೆನ್ನುವ ಸದ್ದು ಹೋಯಿತು. ಒತ್ತಡ ಅರ್ಧ ಇಂಚಿನ ಹತ್ತಿರ ಬಂದಿತ್ತು. ಹಳೆಯದಕ್ಕಿಂತ ಇದು ಹೆಚ್ಚು ಹೊತ್ತು ಓಡುತ್ತದೆ, ಬಿಸಿಲು ಜೋರಿದ್ದ ಮಧ್ಯಾಹ್ನ ನಿಲ್ಲದೆ ಓಡುತ್ತದೆ, ಅದು ಸರಿಯಾದ ಅಳತೆಯ ಗುಣವೇ. ಒಳಗಿನ ತೇವ ಶೇ. 60ರ ಆಸುಪಾಸಿನಿಂದ 50ರ ಹತ್ತಿರ ಇಳಿದಿದೆ. ಈಗ 78ಕ್ಕೆ ಇಟ್ಟರೂ ಹಾಯಾಗಿದೆ. ಮಕ್ಕಳ ಕೋಣೆ ಸಂಜೆ ಹೊತ್ತಿನಲ್ಲಿ ಉಳಿದ ಮನೆಗಿಂತ ಎರಡು ಡಿಗ್ರಿ ಜಾಸ್ತಿ ಅಷ್ಟೇ. ಅಮ್ಮ ಮಧ್ಯಾಹ್ನದ ನಿದ್ದೆಗೆ ಆ ಕೋಣೆಯನ್ನೇ ಆರಿಸಿಕೊಂಡರು.

ಬಳಕೆಯ ಬಗ್ಗೆ ಕೆಲವು ಮಾತು. ಥರ್ಮೋಸ್ಟಾಟಿನ ಫ್ಯಾನ್ ಸ್ವಿಚ್ಚನ್ನು ಆಟೋದಲ್ಲೇ ಇಡಿ. ಆನ್ ಇಟ್ಟರೆ ಕಂಪ್ರೆಸರ್ ನಿಂತ ಮೇಲೂ ಬ್ಲೋವರ್ ಓಡಿ, ಕಾಯಿಲ್ ಮೇಲಿದ್ದ ನೀರನ್ನು ಮತ್ತೆ ಮನೆಯೊಳಗೇ ಊದುತ್ತದೆ. ಬಳಸದ ಕೋಣೆಯ ವೆಂಟ್ ಮುಚ್ಚಿದರೆ ಕರೆಂಟ್ ಉಳಿಯುತ್ತದೆ ಅನ್ನುವುದು ನಮ್ಮವರಲ್ಲಿ ತುಂಬಾ ಇದೆ. ಉಳಿಯುವುದಿಲ್ಲ, ಡಕ್ಟಿನ ಒತ್ತಡ ಏರಿ ಸೋರಿಕೆ ಹೆಚ್ಚಾಗುತ್ತದೆ, ಗಾಳಿ ತೀರಾ ಕಡಿಮೆಯಾದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಫಿಲ್ಟರ್ ವಿಷಯದಲ್ಲೂ ಅಷ್ಟೇ, ಒಂದಿಂಚಿನ ತೆಳು ಫಿಲ್ಟರಿನಲ್ಲಿ ತೀರಾ ಸಣ್ಣ ರಂಧ್ರದ್ದು ಹಾಕಿದರೆ ಗಾಳಿಗೆ ಅಡ್ಡ. ನಮ್ಮದಕ್ಕೆ ನಾಲ್ಕಿಂಚು ದಪ್ಪದ್ದು ಕೂರುವ ಪೆಟ್ಟಿಗೆ ಮಾಡಿಸಿದೆವು. ಒಗ್ಗರಣೆ ಹೊಗೆ ಇರುವ ಮನೆಗೆ ಅದು ಒಳ್ಳೆಯದು. ಹಿತ್ತಲಿನ ಡಬ್ಬದ ಸುತ್ತ ಗಿಡ ಬೆಳೆಯಲು ಬಿಡಬೇಡಿ, ಅದಕ್ಕೆ ಶಾಖ ಬಿಡಲು ಜಾಗ ಬೇಕು. ಡ್ರೇನ್ ಪೈಪಿಗೆ ಆಗಾಗ ಒಂದು ಕಪ್ ವಿನೆಗರ್ ಹಾಕಿ. ಕಂಪನಿಯ ವಾರಂಟಿಯನ್ನು ನಿಮ್ಮ ಹೆಸರಿಗೆ ರಿಜಿಸ್ಟರ್ ಮಾಡಿದ್ದಾರಾ ಎಂದು ಹಣ ಕೊಡುವ ಮೊದಲೇ ನೋಡಿಕೊಳ್ಳಿ. ಟೆಕ್ಸಾಸಿನಲ್ಲಿ ಗುತ್ತಿಗೆದಾರರ ಲೈಸೆನ್ಸ್ ನಂಬರನ್ನು ರಾಜ್ಯದ ಲೈಸೆನ್ಸ್ ಇಲಾಖೆಯ ಪುಟದಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು.

ನಮ್ಮಲ್ಲಿ ಇನ್ನೊಂದು ಕೆಲಸ ಬಾಕಿ ಇದೆ. ಅಟ್ಟದ ಇನ್ಸುಲೇಷನ್ ಕುಗ್ಗಿ ಆರು ಇಂಚಿಗೆ ಬಂದಿದೆ, ಅದರ ಎರಡರಷ್ಟಾದರೂ ಬೇಕು. ಡಕ್ಟಿನ ಸಂದುಗಳನ್ನು ಮುಚ್ಚುವ ಮೊದಲು ಅದನ್ನು ಹಾಕಿದರೆ ಸೋರಿಕೆ ಅದರಡಿ ಮುಚ್ಚಿಹೋಗುತ್ತದೆ, ಆಮೇಲೆ ಹುಡುಕುವುದು ಕಷ್ಟ ಎಂದು ಅವರು ಹೇಳಿದ್ದರಿಂದ ತಡೆದಿದ್ದೆವು. ಮಾರ್ಚ್ ಒಳಗೆ, ಅಟ್ಟದಲ್ಲಿ ಮನುಷ್ಯರು ನಿಲ್ಲಬಹುದಾದ ಹೊತ್ತಿನಲ್ಲೇ, ಅದನ್ನು ಮಾಡಿಸಿಬಿಡುತ್ತೇವೆ.